ಹಾಲಿನ ಲೆಕ್ಕದ ಪಕ್ಕದಲ್ಲೇ ತಲೆನೋವಿನ ಲೆಕ್ಕ

ಹಾಸನ ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರದ ಸಾರಾಂಶ:

"ನನಗೀಗ 47. ಇಪ್ಪತ್ತು ವರ್ಷದಿಂದ ಮುಟ್ಟಿನ ಹೊತ್ತಿಗೆ ಅರೆತಲೆನೋವು ಬರುತ್ತಿತ್ತು, ಎರಡು ದಿನ ಕಾಡಿ ಹೋಗುತ್ತಿತ್ತು. ಈಗೊಂದು ವರ್ಷದಿಂದ ಮುಟ್ಟು ಒಮ್ಮೆ 24 ದಿನಕ್ಕೆ, ಇನ್ನೊಮ್ಮೆ 50 ದಿನಕ್ಕೆ. ತಲೆನೋವಿಗಂತೂ ಹೊತ್ತುಗೊತ್ತಿಲ್ಲ. ಡಾಕ್ಟರು ಬರೆದಿಡಿ ಎಂದರು. ಮಗಳು ಮೊಬೈಲಿಗೆ ಆ್ಯಪ್ ಹಾಕಿಕೊಟ್ಟಳು, ಅದು ಹೇಳುವ ತಾರೀಖಿಗೆ ಏನೂ ಆಗುವುದಿಲ್ಲ. 'ಮುಟ್ಟು ನಿಂತರೆ ಎಲ್ಲ ನಿಲ್ಲುತ್ತದೆ, ಸುಮ್ಮನಿರು' ಎನ್ನುತ್ತಾರೆ ಅತ್ತೆ. ದಿನವೂ ನೋವನ್ನೇ ಬರೆಯುತ್ತ ಕೂತರೆ ನೋವೇ ಧ್ಯಾನವಾಗುವುದಿಲ್ಲವೇ? ನನ್ನ ತಂಗಿಗೆ 38ಕ್ಕೇ ಗರ್ಭಕೋಶ ತೆಗೆದರು. ಅವಳ ತಲೆನೋವು ಹೋಗಲಿಲ್ಲ. ಮುಟ್ಟೇ ಇಲ್ಲದ ಅವಳು ಏನನ್ನು ಬರೆಯಬೇಕು?"

ಸಂಪಾದಕರ ಉತ್ತರ:

ನಿಮ್ಮ ಅತ್ತೆಯವರ ಮಾತು ಸುಳ್ಳಲ್ಲ. ಮುಟ್ಟು ತಾನಾಗಿ ನಿಂತ ಮೇಲೆ ಬಹಳಷ್ಟು ಹೆಂಗಸರ ಅರೆತಲೆನೋವು ಇಳಿಯುತ್ತದೆ. ಆದರೆ ನಿಂತಿತು ಎನ್ನಬೇಕಾದರೆ ಸತತ 12 ತಿಂಗಳು ಮುಟ್ಟಾಗಿರಬಾರದು. ಅಲ್ಲಿಗೆ ತಲುಪುವ ಹಾದಿಯೇ ಕೆಲವು ವರ್ಷಗಳದ್ದು, ಅರೆತಲೆನೋವು ಅತಿಯಾಗಿ ಕೆರಳುವುದೂ ಆ ಹಾದಿಯಲ್ಲೇ. ಹಲ್ಲುನೋವು ಬಂದವರಿಗೆ ನಾಲ್ಕು ವರ್ಷ ಸುಮ್ಮನಿರು ಎಂದು ಯಾರೂ ಹೇಳುವುದಿಲ್ಲ. ಹೆಂಗಸಿನ ತಲೆನೋವಿಗೆ ಮಾತ್ರ ಹೇಳುತ್ತಾರೆ.

ಇನ್ನು ನಿಮ್ಮ 'ಧ್ಯಾನ'ದ ಪ್ರಶ್ನೆ. ಗಂಟೆಗೊಮ್ಮೆ ನೋವನ್ನು ಅಳೆಯುತ್ತ ಕೂತರೆ ನೀವು ಹೇಳಿದಂತೆಯೇ ಆಗುತ್ತದೆ, ಒಪ್ಪುತ್ತೇನೆ. ರಾತ್ರಿ ಮಲಗುವ ಮುನ್ನ ಅರ್ಧ ನಿಮಿಷ ಬರೆಯುವುದು ಧ್ಯಾನವಲ್ಲ, ಲೆಕ್ಕ. ತಲೆನೋವಿನ ವಿಜ್ಞಾನ ಬೆಳೆದದ್ದೇ ಇಂಥ ಲೆಕ್ಕದಿಂದ. ಅಮೆರಿಕದ ಮನಃಶಾಸ್ತ್ರಜ್ಞ ಕಾರ್ಲ್ ಲ್ಯಾಶ್ಲೀ ಅವರಿಗೆ ಮೈಗ್ರೇನ್, ಅಂದರೆ ಇದೇ ಅರೆತಲೆನೋವು, ಬರುವ ಮುನ್ನ ಕಣ್ಣೆದುರು ಅಂಕುಡೊಂಕು ಬೆಳಕು ಕಾಣಿಸಿ ನಿಧಾನವಾಗಿ ಹರಡುತ್ತಿತ್ತು. ಅದು ಹರಡುವ ರೀತಿಯನ್ನು ನಿಮಿಷ ನಿಮಿಷಕ್ಕೂ ಚಿತ್ರ ಬರೆದಿಟ್ಟುಕೊಂಡು, ಮೆದುಳಿನ ಮೇಲೆ ಏನೋ ಒಂದು ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಸಾಗುತ್ತಿರಬೇಕು ಎಂದು 1941ರಲ್ಲಿ ಲೆಕ್ಕ ಹಾಕಿದರು. ಮೂರು ವರ್ಷದ ಬಳಿಕ ಬ್ರೆಜಿಲಿನ ಲೆಯಾಒ ಎಂಬ ವಿಜ್ಞಾನಿ ಮೊಲದ ಮೆದುಳಿನಲ್ಲಿ ಹೆಚ್ಚುಕಡಿಮೆ ಅದೇ ವೇಗದ ಅಲೆಯನ್ನು ಕಂಡರು.

ಮುಟ್ಟಿಗೂ ಅರೆತಲೆನೋವಿಗೂ ಇರುವ ನಂಟನ್ನು ಬಿಡಿಸಿದ್ದೂ ತಾರೀಖುಗಳೇ. 1970ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದ ಬ್ರಯನ್ ಸೋಮರ್‌ವಿಲ್ ಮುಟ್ಟು ಸಮೀಪಿಸಿದ ಹೆಂಗಸರಿಗೆ ಈಸ್ಟ್ರೋಜನ್ ಎಂಬ ಅಂಡಾಶಯದ ಹಾರ್ಮೋನಿನ ಚುಚ್ಚುಮದ್ದು ಕೊಟ್ಟರು. ಮುಟ್ಟು ಹೊತ್ತಿಗೆ ಸರಿಯಾಗಿ ಬಂತು, ತಲೆನೋವು ಮುಂದಕ್ಕೆ ಹೋಯಿತು. ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಕೊಟ್ಟಾಗ ಮುಟ್ಟು ಮುಂದಕ್ಕೆ ಹೋಯಿತು, ತಲೆನೋವು ಹೊತ್ತಿಗೇ ಬಂತು. ಅಲ್ಲಿಗೆ, ತಲೆನೋವು ಎಬ್ಬಿಸುವುದು ರಕ್ತಸ್ರಾವವಲ್ಲ, ಈಸ್ಟ್ರೋಜನ್ ಕುಸಿಯುವುದು ಎಂದಾಯಿತು. ನಿಮ್ಮ ಸಂಕಟದ ಬೇರು ಇಲ್ಲಿದೆ. ಮೊದಲು ಆ ಕುಸಿತ ತಿಂಗಳಿಗೊಮ್ಮೆ, ಗೊತ್ತಾದ ದಿನಕ್ಕೆ. ಈ ವಯಸ್ಸಿನಲ್ಲಿ ಈಸ್ಟ್ರೋಜನ್ ಒಂದೇ ತಿಂಗಳಲ್ಲಿ ಹಲವು ಸಲ ಏರಿ ಬೀಳಬಹುದು, ಮುಟ್ಟಾಗದೆಯೂ ಬೀಳಬಹುದು. ಆ್ಯಪ್ ಹಳೆಯ ಮುಟ್ಟುಗಳ ಸರಾಸರಿ ಹಿಡಿದು ಮುಂದಿನದನ್ನು ಊಹಿಸುತ್ತದೆ. ಸರಾಸರಿಯೇ ಮುರಿದುಬಿದ್ದ ಮೇಲೆ ಅದು ಪಾಪ ಏನು ಹೇಳೀತು? ಮಗಳ ಪ್ರೀತಿ ದೊಡ್ಡದು. ಬರೆದಿಡಲು ಆ್ಯಪ್ ಬಳಸುವುದಾದರೆ ಬಳಸಿ, ಅದರ ಭವಿಷ್ಯವಾಣಿಯನ್ನು ಮಾತ್ರ ನಂಬಬೇಡಿ.

ನಾನು ಹೇಳುವುದು ಗೋಡೆಯ ಕ್ಯಾಲೆಂಡರ್. ಬೆಂಗಳೂರು ಪ್ರೆಸ್ಸಿನದೋ, ಊರಿನ ಸಹಕಾರಿ ಬ್ಯಾಂಕಿನದೋ, ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುತ್ತೀರಲ್ಲ, ಅದೇ. ಪ್ರತಿ ಚೌಕದಲ್ಲಿ ಮೊದಲು ಒಂದು ಅಂಕಿ: ನೋವಿಲ್ಲದಿದ್ದರೆ 0, ನೋವಿದ್ದೂ ಕೆಲಸ ಸಾಗಿದರೆ 1, ಕೆಲಸ ಕೆಟ್ಟರೆ 2, ಹಾಸಿಗೆ ಹಿಡಿದರೆ 3. ಸೊನ್ನೆ ಬರೆಯುವುದನ್ನು ಮರೆಯಬೇಡಿ, ಹೆಚ್ಚಿನವರ ಲೆಕ್ಕ ಕೆಡುವುದು ಅಲ್ಲೇ. ಚೌಕ ಖಾಲಿ ಇದ್ದರೆ ಅಂದು ನೋವಿರಲಿಲ್ಲವೋ, ಬರೆಯಲು ಮರೆತಿರೋ ತಿಳಿಯುವುದಿಲ್ಲ. ಮುಟ್ಟಿನ ದಿನಕ್ಕೆ ತಾರೀಖಿನ ಸುತ್ತ ಒಂದು ಸುತ್ತು, ಬರೀ ಕಲೆ ಕಂಡರೆ ಒಂದು ಚುಕ್ಕಿ. ಮಾತ್ರೆ ನುಂಗಿದರೆ 'ಮಾ', ಎರಡು ಗಂಟೆಯೊಳಗೆ ನೋವು ಇಳಿದಿದ್ದರೆ ಅದರ ಮುಂದೆ ಒಂದು ಗೀಟು. ಮೈ ಬಿಸಿಯೇರಿದರೆ ಅಥವಾ ರಾತ್ರಿ ಬೆವತು ಎಚ್ಚರವಾದರೆ 'ಬಿ'. ಕಣ್ಣೆದುರು ಅಂಕುಡೊಂಕು ಮಿಂಚು ಐದು ನಿಮಿಷದಿಂದ ಒಂದು ಗಂಟೆಯವರೆಗೆ ಹರಡಿದರೆ 'ಮಿಂ'. ಈ ಕೊನೆಯದನ್ನು ಡಾಕ್ಟರು ಕೇಳದಿದ್ದರೂ ಅವರಿಗೆ ತೋರಿಸಿ. ಏರುಪೇರಾದ ಮುಟ್ಟಿಗೆಂದು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ಬರೆದುಕೊಡುವುದುಂಟು. ಮಿಂಚು ಕಾಣುವ ಮೈಗ್ರೇನಿನವರಿಗೆ ಅದರಿಂದ ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ.

ಉಪವಾಸ, ನಿದ್ದೆಗೆಟ್ಟದ್ದು, ತಲೆಸ್ನಾನ, ಇಷ್ಟನ್ನು ಅಂಚಿನಲ್ಲಿ ಗುರುತಿಸಿದರೆ ಸಾಕು. ತಲೆಸ್ನಾನ ಎಂದರೆ ನಗುವವರಿದ್ದಾರೆ. ತಲೆಗೆ ನೀರು ಹಾಕಿಕೊಂಡರೆ ಮೈಗ್ರೇನ್ ಬರುವ 94 ಭಾರತೀಯ ರೋಗಿಗಳ ವಿವರವನ್ನು ಡಾ. ಕೆ. ರವಿಶಂಕರ್ 2006ರಲ್ಲೇ ಪ್ರಕಟಿಸಿದ್ದಾರೆ. ಹೆಂಗಸರ ಅನುಭವವನ್ನು ಮೂಢನಂಬಿಕೆ ಎಂದು ತಳ್ಳುವ ಮೊದಲು ಎಣಿಸಿ ನೋಡಬೇಕು.

ಮೂರು ತಿಂಗಳಾದ ಮೇಲೆ ಓದಿ. ಮುಟ್ಟಿನ ಹಿಂದಿನ ಎರಡು ದಿನ, ಮುಟ್ಟಿನ ಮೊದಲ ಮೂರು ದಿನ, ಈ ಐದು ದಿನದ ಕಿಟಕಿಯಲ್ಲಿ ಮೂರು ಮುಟ್ಟಿಗೆ ಎರಡು ಸಲವಾದರೂ ಮೈಗ್ರೇನ್ ಬಂದಿದ್ದರೆ ಮಾತ್ರ ಅದಕ್ಕೆ ಮುಟ್ಟಿನ ನಂಟಿದೆ. ಹೊರಗಿನ ದಿನಗಳನ್ನೂ ಎಣಿಸಬೇಕು. ತಿಂಗಳಿಗೆ ಎಂಟು ದಿನ ನೋವಿದ್ದರೆ, ಏನೂ ನಂಟಿಲ್ಲದೆಯೂ ಒಂದು ದಿನವಾದರೂ ಆ ಕಿಟಕಿಯೊಳಗೆ ಬೀಳುವ ಸಾಧ್ಯತೆಯೇ ಹೆಚ್ಚು. ನಿಮಗೆ ಇದು ಬಹಳ ಮುಖ್ಯ. ಮುಟ್ಟಿಗೆ ಎರಡು ದಿನ ಮೊದಲೇ ನೆಪ್ರಾಕ್ಸೆನ್‌ನಂಥ ನೋವಿನ ಮಾತ್ರೆ ಶುರುಮಾಡಿ ತಡೆಯುವ ಕ್ರಮ ದಿನ ಗೊತ್ತಿದ್ದವರಿಗೆ ಸರಿ. 24, 50 ಎಂದು ಓಡಾಡುವ ಮುಟ್ಟಿಗೆ ಯಾವ ಎರಡು ದಿನ? ಆಗ ದಿನವೂ ತೆಗೆದುಕೊಳ್ಳುವ ತಡೆಮದ್ದು ಬೇಕೇ ಎಂದು ಡಾಕ್ಟರ ಜೊತೆ ಮಾತಾಡಬೇಕು. ಅದಕ್ಕೆ ಎರಡು ಮೂರು ತಿಂಗಳು ಕಾಲ ಕೊಡಬೇಕು. ಎರಡೇ ವಾರಕ್ಕೆ 'ಕೆಲಸ ಮಾಡಲಿಲ್ಲ' ಎಂದು ಬಿಡುವವರೇ ಹೆಚ್ಚು.

ಎಲ್ಲಕ್ಕಿಂತ ದೊಡ್ಡದು 'ಮಾ'. ತಿಂಗಳ ಕೊನೆಗೆ ಮಾತ್ರೆಗಳನ್ನಲ್ಲ, ಮಾತ್ರೆ ನುಂಗಿದ ದಿನಗಳನ್ನು ಎಣಿಸಿ. ಒಂದೇ ದಿನ ಮೂರು ನುಂಗಿದರೂ ಒಂದು ದಿನವೇ. ಬರೀ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ಆದರೆ ತಿಂಗಳಿಗೆ 15 ದಿನ, ಕೆಫೀನ್, ಎರ್ಗೊಟಮೈನ್ ಬೆರೆತ ಮಾತ್ರೆ ಅಥವಾ ಮೈಗ್ರೇನಿಗೆಂದೇ ಇರುವ ಟ್ರಿಪ್ಟಾನ್ ಮಾತ್ರೆ ಆದರೆ 10 ದಿನ. ಈ ಗೆರೆಯನ್ನು ಮೂರು ತಿಂಗಳು ಮೀರಿ ದಾಟಿದರೆ ಮಾತ್ರೆಯೇ ತಲೆನೋವು ಎಬ್ಬಿಸತೊಡಗಬಹುದು. ಔಷಧದಂಗಡಿಯಲ್ಲಿ ಕೇಳಿದೊಡನೆ ಕೈಗೆ ಬರುವ ತಲೆನೋವಿನ ಮಾತ್ರೆಗಳಲ್ಲಿ ಬೆರಕೆಯವೇ ಎಷ್ಟೋ. ಸ್ಟ್ರಿಪ್ಪಿನ ಹಿಂಬದಿ ಓದಿ. ಮುಟ್ಟು ಏರುಪೇರಾಗಿ ನೋವು ಹೆಚ್ಚುತ್ತದೆ, ನೋವಿಗೆ ಮಾತ್ರೆ ಹೆಚ್ಚುತ್ತದೆ, ಮಾತ್ರೆಯಿಂದ ಮತ್ತೆ ನೋವು. ಎಲ್ಲರೂ ವಯಸ್ಸನ್ನು ದೂರುತ್ತಾರೆ. ಈ ಸುಳಿ ಕಾಣುವುದು ಕ್ಯಾಲೆಂಡರಿನಲ್ಲಿ ಮಾತ್ರ, ಸ್ಕ್ಯಾನಿನಲ್ಲಿ ಕಾಣುವುದಿಲ್ಲ.

ಕೆಲವಕ್ಕೆ ಮೂರು ತಿಂಗಳು ಕಾಯುವ ಹಾಗಿಲ್ಲ. ಸಿಡಿಲು ಬಡಿದಂತೆ ಒಮ್ಮೆಗೇ ಏರಿದ ನೋವು, ಕೈಕಾಲು ಸೋಲುವುದು, ಮಾತು ತೊದಲುವುದು, ಜ್ವರದೊಡನೆ ಕತ್ತು ಸೆಟೆಯುವುದು ಕಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. 50 ದಾಟಿದ ಮೇಲೆ ಹೊಸದಾಗಿ ತಲೆನೋವು ಶುರುವಾಗಿ, ಕಣತಲೆ ಮುಟ್ಟಿದರೆ ನೋವು, ಅಗಿಯುವಾಗ ದವಡೆ ಸೋಲುವುದು ಇದ್ದರೂ ಅಷ್ಟೇ. ಅದು ರಕ್ತನಾಳದ ಉರಿಯೂತವಿರಬಹುದು, ಕಣ್ಣನ್ನೇ ಕಸಿಯಬಲ್ಲದು.

ನಿಮ್ಹಾನ್ಸ್‌ನ ತಜ್ಞರು ನಮ್ಮ ರಾಜ್ಯದ 2,329 ಜನರನ್ನು ಮಾತಾಡಿಸಿ ನಡೆಸಿದ ಸಮೀಕ್ಷೆಯಲ್ಲಿ, ವರ್ಷದೊಳಗೆ ಮೈಗ್ರೇನ್ ಕಂಡವರು ನೂರಕ್ಕೆ 25. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಇಷ್ಟು ಜನರ ನೋವಿಗೆ ಸಿಗುವ ಹೆಸರುಗಳು 'ಪಿತ್ತ', 'ಸೈನಸ್', 'ಟೆನ್ಶನ್'. ಅಮೆರಿಕದಲ್ಲಿ ಸೈನಸ್ ತಲೆನೋವು ಎಂದುಕೊಂಡಿದ್ದ 2,991 ಮಂದಿಯನ್ನು ಪರೀಕ್ಷಿಸಿದಾಗ ನೂರಕ್ಕೆ 88 ಮಂದಿಗೆ ಇದ್ದದ್ದು ಮೈಗ್ರೇನ್ ಬಗೆಯ ನೋವು. ಹೆಣ್ಣು ಬಸುರಿಯಾದರೆ ಸರ್ಕಾರ ತಾಯಿ ಕಾರ್ಡ್ ಕೊಡುತ್ತದೆ, ತೂಕ, ರಕ್ತ, ಬಿಪಿ ಎಲ್ಲ ಬರೆದಿಡುತ್ತದೆ. ಹೆರುವುದು ಮುಗಿದ ಮೇಲೆ ಅವಳ ಮುಟ್ಟು, ತಲೆನೋವು ಬರೆದಿಡಲು ಅಂಥ ಕಾರ್ಡ್ ಇಲ್ಲ. 45 ದಾಟಿದವಳಿಗೂ ಒಂದು ಕಾರ್ಡ್ ಯಾಕಿರಬಾರದು? ಅದರ ಬದಲು ಸಿಗುವುದು 'ಗರ್ಭಕೋಶ ತೆಗೆಸಿಬಿಡಿ' ಎಂಬ ಸಲಹೆ. ಕಲಬುರಗಿ ಕಡೆಯ ತಾಂಡಾಗಳ ಹೆಣ್ಣುಮಕ್ಕಳಿಗೆ ಬೇಕಿಲ್ಲದೆಯೂ ಗರ್ಭಕೋಶ ತೆಗೆದದ್ದನ್ನು ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ.

ಅದಕ್ಕೇ ನಿಮ್ಮ ತಂಗಿಯ ಮಾತು ಮನಸ್ಸಿಗೆ ನಾಟಿತು. ಗರ್ಭಕೋಶ ತೆಗೆದರೆ ಹೋಗುವುದು ರಕ್ತಸ್ರಾವ. ಅಂಡಾಶಯ ಉಳಿದಿದ್ದರೆ ಈಸ್ಟ್ರೋಜನ್ ಏರಿಳಿತ ಹಾಗೇ ನಡೆಯುತ್ತಿರುತ್ತದೆ, ಸುತ್ತು ಹಾಕಲು ತಾರೀಖು ಮಾತ್ರ ಇರುವುದಿಲ್ಲ. ಅಂಡಾಶಯವನ್ನೂ ತೆಗೆದಿದ್ದರೆ ಈಸ್ಟ್ರೋಜನ್ ಒಂದೇ ಏಟಿಗೆ ಕುಸಿದು ಮೈಗ್ರೇನ್ ಉಲ್ಬಣಿಸುವುದೇ ಹೆಚ್ಚು. ಅವರು 0ಯಿಂದ 3ರ ಅಂಕಿ, 'ಮಾ', 'ಬಿ' ಈ ಮೂರನ್ನು ಬರೆಯಲಿ, ಸ್ತನ ಬಿಗಿದ ದಿನಗಳಿದ್ದರೆ ಅದನ್ನೂ ಸೇರಿಸಲಿ. ಜೊತೆಗೆ ಆಪರೇಶನ್ ಆದ ಆಸ್ಪತ್ರೆಯಿಂದ ಡಿಸ್ಚಾರ್ಜ್ ಸಮ್ಮರಿ ತರಿಸಿ, ಅಂಡಾಶಯ ಉಳಿಸಿದ್ದಾರೋ ಇಲ್ಲವೋ ಓದಿಸಿಕೊಳ್ಳಲಿ. ಎರಡು ಅಂಡಾಶಯಗಳೂ ಹೋಗಿದ್ದರೆ, 45 ತುಂಬುವ ಮೊದಲೇ ಹೋದ ಈಸ್ಟ್ರೋಜನ್ನನ್ನು ಚರ್ಮಕ್ಕೆ ಹಚ್ಚುವ ಜೆಲ್ ರೂಪದಲ್ಲಿ ಮರಳಿ ಕೊಡಬಹುದೇ ಎಂದು ಸ್ತ್ರೀರೋಗ ತಜ್ಞರನ್ನು ಕೇಳಲಿ. ಮಾತ್ರೆಗಿಂತ ಜೆಲ್ಲಿನಲ್ಲಿ ಮಟ್ಟ ಹೆಚ್ಚು ಏರಿಳಿಯುವುದಿಲ್ಲ. ಕೇಳಲು ಹೋಗುವಾಗ ಕ್ಯಾಲೆಂಡರಿನ ಮೂರು ಹಾಳೆಗಳನ್ನೂ ಜೊತೆಗೆ ಒಯ್ಯಲಿ.