ಒಟ್ಟು ಕೊಲೆಸ್ಟ್ರಾಲ್ 198: ‘ನಾರ್ಮಲ್’ ರಿಪೋರ್ಟಿನೊಳಗೆ ಏನಿತ್ತು?

ಊಟದ ಸಲಹೆಗೆ ನಮ್ಮ ಬಳಿ ಬಂದ ಹೆಣ್ಣುಮಗಳು: ವಯಸ್ಸು 27, ಕೂತು ಮಾಡುವ ಕೆಲಸ, ಮುಂದಿನ ವರ್ಷ ಮಗು ಬೇಕೆಂಬ ಆಸೆ. ಗುರುತು ಸಿಗುವ ವಿವರ ಬಿಟ್ಟಿದ್ದೇವೆ. ಮುಟ್ಟು ಎರಡು ಮೂರು ತಿಂಗಳಿಗೊಮ್ಮೆ, ಕತ್ತಿನ ಹಿಂದೆ ಕಪ್ಪು, ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡಾಶಯದ ಕೆಲಸ ಕೆಡುವ ತೊಂದರೆ) ಖಚಿತವಾಗಿತ್ತು. ನಾಲ್ಕು ತಿಂಗಳಿಂದ ಈಸ್ಟ್ರೋಜೆನ್ ಇರುವ ಗರ್ಭನಿರೋಧಕ ಮಾತ್ರೆ ನಡೆದಿತ್ತು. ಸೊಂಟದ ಸುತ್ತಳತೆ 88 ಸೆಂ.ಮೀ.; ನಮ್ಮ ಹೆಂಗಸರಿಗೆ 80 ದಾಟಿದರೇ ಎಚ್ಚರ ಬೇಕು.

ಒಟ್ಟು ಕೊಲೆಸ್ಟ್ರಾಲ್ 198. ಇನ್ನೂರರೊಳಗಿದೆ ಎಂದು ಮನೆಯವರು ನಿರಾಳರಾಗಿದ್ದರು. ಕೆಳಗಿನ ಸಾಲುಗಳನ್ನು ಯಾರೂ ಓದಿರಲಿಲ್ಲ: ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡ್ 232 (150ಕ್ಕಿಂತ ಕಡಿಮೆ ಇರಬೇಕು), ‘ಒಳ್ಳೆಯ’ ಕೊಲೆಸ್ಟ್ರಾಲ್ ಎಚ್‌ಡಿಎಲ್ 36 (ಹೆಂಗಸರಿಗೆ 50 ಆದರೂ ಬೇಕು). ಒಟ್ಟಿನಲ್ಲಿ ಎಚ್‌ಡಿಎಲ್ ಕಳೆದರೆ, ಅಂದರೆ ರಕ್ತನಾಳಕ್ಕೆ ಕೆಡುಕಾದ ಕೊಲೆಸ್ಟ್ರಾಲ್ ಎಲ್ಲ ಸೇರಿ, 162. ಪಿಸಿಓಎಸ್‌ನಲ್ಲಿ ನಾವು ಮೊದಲು ನೋಡುವುದು ಈ ಮೂರನ್ನೇ. ಪಿಸಿಓಎಸ್ ಇರುವ ಹಲವರಲ್ಲಿ ಆಗುವಂತೆ, ಸಕ್ಕರೆ ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನಿನ ಮಾತಿಗೆ ದೇಹ ಸರಿಯಾಗಿ ಓಗೊಡದಿದ್ದಾಗ ಲಿವರ್ ಹೆಚ್ಚು ಟ್ರೈಗ್ಲಿಸರೈಡ್ ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಅದು ಏರಿದಂತೆ ಎಚ್‌ಡಿಎಲ್ ಇಳಿಯುತ್ತದೆ, ‘ಕೆಟ್ಟ’ ಕೊಲೆಸ್ಟ್ರಾಲ್ ಎಲ್‌ಡಿಎಲ್‌ನ ಕಣಗಳು ಸಣ್ಣದಾಗಿ ದಟ್ಟವಾಗುತ್ತವೆ. ಈಸ್ಟ್ರೋಜೆನ್ ಮಾತ್ರೆಯೂ ಟ್ರೈಗ್ಲಿಸರೈಡ್ ಏರಿಸಬಲ್ಲದು. ಶುರುಮಾಡುವ ಮೊದಲೇ ಈ ಪರೀಕ್ಷೆ ಆಗಬೇಕಿತ್ತು.

ಆಕೆ ತುಪ್ಪ, ಮೊಟ್ಟೆ, ಕಡ್ಲೆಬೀಜ ಎಲ್ಲ ಬಿಟ್ಟಿದ್ದರು. ಆದರೆ ದಿನಕ್ಕೆ ಮೂರು ಕಾಫಿ, ಒಂದೊಂದಕ್ಕೆ ಎರಡು ಚಮಚ ಬೆಲ್ಲ, ಸಂಜೆ ಬೇಕರಿ ಬನ್ನು, ಎರಡು ಹೊತ್ತೂ ತಟ್ಟೆ ತುಂಬ ಅನ್ನ. ಟ್ರೈಗ್ಲಿಸರೈಡ್ ಏರುವುದು ಇಲ್ಲಿಂದಲೇ, ಸಕ್ಕರೆ ಬದಲು ಬೆಲ್ಲ ಹಾಕಿದರೂ ವ್ಯತ್ಯಾಸವಿಲ್ಲ. ಮುದ್ದೆ ಒಳ್ಳೆಯದೇ, ಆದರೆ ಅದೂ ಹಿಟ್ಟೇ. ದೊಡ್ಡ ಎರಡು ಮುದ್ದೆ ಉಂಡರೆ ಲೆಕ್ಕ ತಪ್ಪುತ್ತದೆ.

ಕೊಟ್ಟ ಸಲಹೆ: ಕಾಫಿಗೆ ಸಿಹಿ ಬೇಡ. ಮಧ್ಯಾಹ್ನ ಒಂದು ಕಪ್ ಅನ್ನ ಅಥವಾ ಒಂದು ಸಾಧಾರಣ ಮುದ್ದೆ, ಜೊತೆಗೆ ಒಂದು ಕಪ್ ಕಾಳಿನ ಉಸ್ಲಿ, ಅಷ್ಟೇ ಸೊಪ್ಪಿನ ಪಲ್ಯ. ಬನ್ನಿನ ಜಾಗಕ್ಕೆ ಒಂದು ಹಿಡಿ ಕಡ್ಲೆಬೀಜ ಅಥವಾ ಬೇಯಿಸಿದ ಮೊಟ್ಟೆ. ಅಡುಗೆ ಎಣ್ಣೆ ದಿನಕ್ಕೆ ನಾಲ್ಕು ಟೀ ಚಮಚದೊಳಗೆ. ವಾರಕ್ಕೆ ಐದು ದಿನ 30 ನಿಮಿಷ ಬಿರುಸು ನಡಿಗೆ, ಎರಡು ದಿನ ಬಸ್ಕಿ.

ತಾಯಿ, ‘ಇವರಪ್ಪ ತಗೊಳ್ಳೋ ಕೊಲೆಸ್ಟ್ರಾಲ್ ಮಾತ್ರೆ ಅರ್ಧ ಕೊಡಲಾ?’ ಎಂದು ಕೇಳಿದರು. ಖಂಡಿತ ಬೇಡ. ಅದು ಸ್ಟ್ಯಾಟಿನ್, ಗರ್ಭ ಧರಿಸಲು ಹೊರಟವರು ವೈದ್ಯರು ಹೇಳದೆ ಮುಟ್ಟಬಾರದು. ಗರ್ಭನಿರೋಧಕ ಮಾತ್ರೆಯನ್ನೂ ತಾವಾಗಿ ನಿಲ್ಲಿಸದೆ ರಿಪೋರ್ಟ್ ಹಿಡಿದು ಸ್ತ್ರೀರೋಗ ತಜ್ಞರ ಬಳಿ ಹೋಗಲು ಹೇಳಿದೆವು. ಮುಟ್ಟು ತಿಂಗಳುಗಟ್ಟಲೆ ಬಾರದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ಅದಕ್ಕೆ ಬೇರೆ ವ್ಯವಸ್ಥೆ ಬೇಕೇ ಬೇಕು. ವೈದ್ಯರು ಗರ್ಭನಿರೋಧಕ ಮಾತ್ರೆ ಬದಲಿಸಿದರು. ಥೈರಾಯ್ಡ್ ಸರಿಯಿತ್ತು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡಿದರೆ ಸಕ್ಕರೆ 152: ಮಧುಮೇಹದ ಹಿಂದಿನ ಮೆಟ್ಟಿಲು. ಇನ್ಸುಲಿನ್ ಕೆಲಸ ಸುಧಾರಿಸುವ ಮೆಟ್‌ಫಾರ್ಮಿನ್ ಮಾತ್ರೆ ಶುರುವಾಯಿತು.

ಹನ್ನೆರಡು ವಾರದ ನಂತರ, ಹನ್ನೆರಡು ಗಂಟೆ ಉಪವಾಸವಿದ್ದು ಕೊಟ್ಟ ರಕ್ತದಲ್ಲಿ ಟ್ರೈಗ್ಲಿಸರೈಡ್ 158, ಎಚ್‌ಡಿಎಲ್ 40. ತೂಕ 61ರಿಂದ 58 ಕೆ.ಜಿ. ಗರ್ಭನಿರೋಧಕ ಮಾತ್ರೆ ಬದಲಾಗಿ ಮೆಟ್‌ಫಾರ್ಮಿನ್ ಕೂಡ ಶುರುವಾದ ಕಾರಣ ಇಳಿಕೆಯನ್ನೆಲ್ಲ ಊಟದ ಲೆಕ್ಕಕ್ಕೆ ಬರೆಯುವಂತಿಲ್ಲ. ಎಚ್‌ಡಿಎಲ್ ನಿಧಾನಕ್ಕೇ ಏರುವುದು. ನಡಿಗೆ ನಿಲ್ಲಿಸಬಾರದೆಂದು ಮತ್ತೆ ಹೇಳಿದ್ದೇವೆ. ಗರ್ಭಕ್ಕೆ ಪ್ರಯತ್ನಿಸುವ ಮೊದಲು ಗ್ಲೂಕೋಸ್ ಪರೀಕ್ಷೆ ಇನ್ನೊಮ್ಮೆ ಆಗಬೇಕು.