ಆಮ್ಲಜನಕವಿದ್ದ ಮಾತ್ರಕ್ಕೆ ಆಕ್ಸೈಡ್ ಆಗುವುದೇ?

ಪ್ರಶ್ನೆ: ಸಕ್ಕರೆಯಲ್ಲಿಯೂ ಸುಣ್ಣದಕಲ್ಲಿನಲ್ಲಿಯೂ ಆಮ್ಲಜನಕವಿದೆ ಎಂದು ಓದಿದ್ದೇನೆ. ಆದರೂ ಅವುಗಳನ್ನು ಆಕ್ಸೈಡ್ ಎಂದು ಏಕೆ ಕರೆಯುವುದಿಲ್ಲ? ಈ ಪದದ ಸರಿಯಾದ ಅರ್ಥವೇನು?

ಉತ್ತರ: ಆಮ್ಲಜನಕವು ಬೇರೊಂದು ಮೂಲವಸ್ತುವಿನೊಡನೆ ಕೂಡಿ ಆಗುವ ಸಂಯುಕ್ತಕ್ಕೆ ಸಾಮಾನ್ಯವಾಗಿ ಆಕ್ಸೈಡ್ ಎಂದು ಹೆಸರು. ಸಕ್ಕರೆಯಲ್ಲಿ ಇಂಗಾಲ, ಜಲಜನಕ, ಆಮ್ಲಜನಕ ಮೂರೂ ಇರುವುದರಿಂದ ಅದು ಈ ಗುಂಪಿಗೆ ಸೇರದು. ನೀರಿನಲ್ಲಿ ಜಲಜನಕ, ಆಮ್ಲಜನಕ ಎರಡೇ ಇರುವುದರಿಂದ, ಯಾರೂ ಹಾಗೆ ಕರೆಯದಿದ್ದರೂ, ಅದು ಜಲಜನಕದ ಆಕ್ಸೈಡ್ ಹೌದು.

ತಾವು ಹೆಸರಿಸಿದ ಸುಣ್ಣದಕಲ್ಲು ಈ ವ್ಯತ್ಯಾಸವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ಕ್ಯಾಲ್ಸಿಯಂ, ಇಂಗಾಲ, ಆಮ್ಲಜನಕ ಸೇರಿದ ಅದು ಕಾರ್ಬೊನೇಟ್. 100 ಗ್ರಾಂ ಶುದ್ಧ ಸುಣ್ಣದಕಲ್ಲನ್ನು ಪೂರ್ತಿ ಸುಟ್ಟರೆ 44 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರಿ, 56 ಗ್ರಾಂ ಸುಟ್ಟ ಸುಣ್ಣ, ಅಂದರೆ ಕ್ಯಾಲ್ಸಿಯಂ ಆಕ್ಸೈಡ್, ಉಳಿಯುತ್ತದೆ. ಆಕ್ಸೈಡ್ ಅಲ್ಲದ ಕಲ್ಲೊಂದು ಹೀಗೆ ಎರಡು ಆಕ್ಸೈಡ್‌ಗಳಾಗಿ ಒಡೆಯುತ್ತದೆ. ಆ ಸುಣ್ಣಕ್ಕೆ ನೀರು ಹಾಕಿದೊಡನೆ ಅದು ಕಾವೇರಿ, ಬಿರಿದು, ಅರಳಿದ ಸುಣ್ಣವಾಗುತ್ತದೆ. ಆಗ ನೀರಿನ ಜಲಜನಕವೂ ಸೇರಿರುವುದರಿಂದ ಅದು ಹೈಡ್ರಾಕ್ಸೈಡ್, ಆಕ್ಸೈಡ್ ಅಲ್ಲ. ಇವೆರಡನ್ನು ಒಂದೇ ಎಂದು ಬರೆಯುವುದು ತಪ್ಪು.

ಈ ಪದವನ್ನು 1787ರಲ್ಲಿ ಫ್ರಾನ್ಸಿನ ಲವಾಸಿಯೆ ಮತ್ತು ಅವರ ಸಂಗಡಿಗರು ರಸಾಯನಶಾಸ್ತ್ರದ ಹೆಸರುಗಳನ್ನು ಕ್ರಮಗೊಳಿಸುವಾಗ ಬಳಕೆಗೆ ತಂದರು. ಎಲ್ಲ ಆಮ್ಲಗಳಿಗೂ ಆಮ್ಲಜನಕವೇ ಮೂಲವೆಂದು ಲವಾಸಿಯೆ ನಂಬಿದ್ದರು. ಕನ್ನಡದ ‘ಆಮ್ಲಜನಕ’ ಎಂಬ ಪದವೂ ಆ ನಂಬಿಕೆಯನ್ನೇ ಹೊತ್ತು ಬಂದಿದೆ. ಆದರೆ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ. ಇತ್ತ ಸುಟ್ಟ ಸುಣ್ಣದಲ್ಲಿ ಆಮ್ಲಜನಕವಿದ್ದರೂ ಅದರ ತಿಳಿನೀರು ಕೆಂಪು ಲಿಟ್ಮಸನ್ನು ನೀಲಿಗೆ ತಿರುಗಿಸುತ್ತದೆ, ಅಂದರೆ ಆಮ್ಲಕ್ಕೆ ವಿರುದ್ಧವಾದ ಪ್ರತ್ಯಾಮ್ಲದ ಗುಣ ತೋರಿಸುತ್ತದೆ. ನೀರಿನಲ್ಲಿ ಕರಗಿ ಆಮ್ಲವಾಗುವುದು ಹೆಚ್ಚಾಗಿ ಗಂಧಕ, ರಂಜಕಗಳಂಥ ಅಲೋಹಗಳ ಆಕ್ಸೈಡ್.

ಎರಡು ಆಮ್ಲಜನಕ ಪರಮಾಣುಗಳು ತಮ್ಮತಮ್ಮಲ್ಲೇ ಬೆಸೆದುಕೊಂಡಿದ್ದರೆ, ಹೈಡ್ರೋಜನ್ ಪೆರಾಕ್ಸೈಡಿನಲ್ಲಿರುವಂತೆ, ಅದನ್ನು ಪೆರಾಕ್ಸೈಡ್ ಎಂದೇ ಹೇಳಬೇಕು.

ಬಳಕೆಯಲ್ಲಿ ನಾನು ಒತ್ತಿ ಹೇಳಬಯಸುವುದು ಒಂದೇ: ಹೆಸರಿನಲ್ಲಿರುವ ಸಂಖ್ಯಾಸೂಚಕವನ್ನು (‘ಮೊನೊ’ ಎಂದರೆ ಒಂದು, ‘ಡೈ’ ಎಂದರೆ ಎರಡು) ಬಿಡಬೇಡಿ. ‘ಇಂಗಾಲದ ಆಕ್ಸೈಡ್’ ಎಂದಷ್ಟೇ ಬರೆದರೆ ಯಾವುದೆಂದು ತಿಳಿಯದು. ಡೈಆಕ್ಸೈಡ್ ನಾವು ಪ್ರತಿ ಉಸಿರಿನಲ್ಲೂ ಹೊರಬಿಡುವ ಅನಿಲ. ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್ನಿಗೆ ಅಂಟಿಕೊಂಡು, ಆಮ್ಲಜನಕಕ್ಕೆ ಎಡೆಗೊಡದೆ, ಪ್ರಾಣವನ್ನೇ ತೆಗೆಯಬಲ್ಲದು.