ನರ್ಸ್ ಅಷ್ಟು ಹೊತ್ತು ಕೇಳುವುದೇನು?

ಪ್ರಶ್ನೆ: ನನ್ನ ತಂದೆಗೆ 68 ವರ್ಷ, ಹೃದಯ ವೈಫಲ್ಯವಿದೆ. ತಿಂಗಳಿಗೊಮ್ಮೆ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಕರೆದೊಯ್ಯುತ್ತೇನೆ. ವೈದ್ಯರು ನೋಡುವುದು ಐದು ನಿಮಿಷ. ಅದಕ್ಕೂ ಮೊದಲು ನರ್ಸ್ ಒಬ್ಬರು ಇಪ್ಪತ್ತು ನಿಮಿಷ ತೂಕ, ಊಟ, ನಿದ್ದೆ ಎಂದು ವಿಚಾರಿಸುತ್ತಾರೆ. ‘ಡಾಕ್ಟರನ್ನು ನೋಡಲು ಬಂದರೆ ಇವರದೇನು ತನಿಖೆ’ ಎಂದು ತಂದೆ ಸಿಡುಕುತ್ತಾರೆ. ಇದೆಲ್ಲ ಬೇಕೆ?
– ಓದುಗರು, ಬೊಮ್ಮನಹಳ್ಳಿ

ಉತ್ತರ (ಹೃದ್ರೋಗ ತಜ್ಞರಿಂದ): ಬೇಕು. ನನ್ನ ಐದು ನಿಮಿಷಕ್ಕೆ ಬೆಲೆ ಬರುವುದೇ ಆ ಇಪ್ಪತ್ತು ನಿಮಿಷದಿಂದ.

ನನ್ನ ಬಳಿ ಬರುತ್ತಿದ್ದ ಹಿರಿಯರೊಬ್ಬರ ಕಾಲು ಪ್ರತಿ ಸಲವೂ ಊದಿಕೊಂಡಿರುತ್ತಿತ್ತು. ಮಾತ್ರೆ ನುಂಗುತ್ತಿದ್ದೀರಾ ಎಂದರೆ ‘ಹೂಂ ಸಾರ್’. ಮೈಯಲ್ಲಿ ತುಂಬಿದ ನೀರನ್ನು ಮೂತ್ರದಲ್ಲಿ ಇಳಿಸುವ ಮಾತ್ರೆಯನ್ನು ಇನ್ನಷ್ಟು ಹೆಚ್ಚಿಸುವವನಿದ್ದೆ. ಅಷ್ಟರಲ್ಲಿ ನಮ್ಮ ಸಿಸ್ಟರ್ ನಿಜ ಹೊರಡಿಸಿದ್ದರು. ವಾರಕ್ಕೆ ನಾಲ್ಕು ದಿನ ಅವರು ಬಸ್ಸಿನಲ್ಲಿ ಮಗಳ ಮನೆಗೆ ಹೋಗುತ್ತಿದ್ದರು. ಸಿಲ್ಕ್ ಬೋರ್ಡ್ ಬಳಿ ಮುಕ್ಕಾಲು ಗಂಟೆ ಸಿಕ್ಕಿಕೊಂಡಾಗ ಮೂತ್ರ ಬಂದರೆ ಎಲ್ಲಿಗೆ ಓಡುವುದು? ಆ ನಾಲ್ಕೂ ದಿನ ಮಾತ್ರೆಗೆ ರಜೆ! ಪ್ರಮಾಣ ಹೆಚ್ಚಿಸುವ ಅಗತ್ಯವೇ ಇರಲಿಲ್ಲ. ಮನೆಗೆ ಮರಳಿದ ಮೇಲೆ ನುಂಗುವಂತೆ ಹೊತ್ತು ಬದಲಿಸಿದೆ, ಊತ ಇಳಿಯಿತು. ಈ ಮಾತನ್ನು ಅವರು ನನ್ನೆದುರು ಎಂದೂ ಆಡುತ್ತಿರಲಿಲ್ಲ.

ಉಪ್ಪಿನ ವಿಚಾರಣೆಯೂ ಹೀಗೆಯೇ. ದಿನಕ್ಕೆ ಐದು ಗ್ರಾಂ, ಅಂದರೆ ಒಂದು ಟೀ ಚಮಚದೊಳಗೆ ಎಂದು ನಾನು ಹೇಳಿ ಮುಗಿಸುತ್ತೇನೆ. ಸಾರಿಗೆ ಉಪ್ಪು ಕಡಿಮೆ ಹಾಕಿ ಪಕ್ಕದಲ್ಲಿ ಹಪ್ಪಳ, ಉಪ್ಪಿನಕಾಯಿ ಇಟ್ಟುಕೊಳ್ಳುವುದು ಗೊತ್ತಾಗುವುದು ಸಿಸ್ಟರ್‌ಗೆ.

ತೂಕ ನೋಡುವುದು ಬೊಜ್ಜಿನ ಲೆಕ್ಕಕ್ಕಲ್ಲ. ಹೃದಯದ ಪಂಪು ಬಳಲಿದಾಗ ಮೈಯಲ್ಲಿ ನೀರು ತುಂಬಿ ನಿಲ್ಲುತ್ತದೆ. ಉಬ್ಬಸ ಬರುವ ಮೊದಲೇ ತೂಕ ಅದನ್ನು ತೋರಿಸುವುದುಂಟು. ಮನೆಯಲ್ಲಿಯೂ ದಿನಾ ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ ತೂಗಿ ಬರೆದಿಡಿ. ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚಿದರೆ ಮುಂದಿನ ಭೇಟಿಗೆ ಕಾಯದೆ ವಿಭಾಗಕ್ಕೆ ಫೋನ್ ಮಾಡಿ. ಮಲಗಿದರೆ ಉಸಿರು ಕಟ್ಟುವುದು, ಎದೆನೋವು, ಪ್ರಜ್ಞೆ ತಪ್ಪುವುದು ಕಂಡರೆ ಫೋನಿನಲ್ಲಿ ವಿವರಿಸುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.

ಸ್ವೀಡನ್ನಿನಲ್ಲಿ ನರ್ಸ್‌ಗಳೇ ನಡೆಸುವ ಹೃದಯ ವೈಫಲ್ಯ ಕ್ಲಿನಿಕ್‌ಗಳು 1990ರಿಂದಲೇ ಇವೆ. 1995ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ನರ್ಸ್ ನೇತೃತ್ವದ ತಂಡ ನೋಡಿಕೊಂಡ ವೃದ್ಧ ರೋಗಿಗಳು ಇದೇ ಕಾಯಿಲೆಗಾಗಿ ಮತ್ತೆ ಆಸ್ಪತ್ರೆ ಸೇರುವುದು ಅರ್ಧಕ್ಕಿಂತಲೂ ಇಳಿದಿತ್ತು. ನಮ್ಮಲ್ಲಿ ಔಷಧಿ ಬದಲಿಸುವುದು ವೈದ್ಯರ ಕೆಲಸವೇ. ಬದಲಿಸಬೇಕೋ ಬೇಡವೋ ಎಂಬ ಸುಳಿವು ಮಾತ್ರ ಬಹಳ ಸಲ ಸಿಸ್ಟರ್ ಬರೆದ ಹಾಳೆಯಲ್ಲಿರುತ್ತದೆ.

ಮುಂದಿನ ಸಲ ಚೀಟಿಯೊಂದನ್ನೇ ಹಿಡಿದು ಹೋಗಬೇಡಿ. ತಂದೆಯವರು ನುಂಗುವ ಮಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿ ಒಯ್ಯಿರಿ, ಮಂಡಿನೋವಿಗೆಂದು ಮೆಡಿಕಲ್ ಶಾಪಿನಲ್ಲಿ ತಾವೇ ಕೊಂಡದ್ದೂ ಸೇರಿ. ಐಬುಪ್ರೊಫೇನ್, ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಗಳು ಮೈಯಲ್ಲಿ ನೀರು ನಿಲ್ಲಿಸುತ್ತವೆ. ಸಿಸ್ಟರ್ ಮೊದಲು ಹುಡುಕುವುದು ಅದನ್ನೇ.